ರೇಸ್ ಪ್ರಿಯರಿಗೆ ಟಿಳಕವಾಡಿಯ ಕೆಫೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಚಿಕ್ಕ ಕೆಫೆಯಲ್ಲಿ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನ ರೇಸುಗಳನ್ನು, ಅಂದರೆ ಹಲವು ಗಂಟೆಗಳ ಕಾಲ ನಡೆಯುವ ಕಾರು ರೇಸುಗಳನ್ನು, ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಕ್ರಿಕೆಟ್ ಪಂದ್ಯವಿರುವ ದಿನವೂ ರೇಸಿಗಾಗಿ ಒಂದು ಪರದೆಯನ್ನು ಮೀಸಲಿಡುವ ಮಾಲೀಕರ ನಿಷ್ಠೆ ಮೆಚ್ಚತಕ್ಕದ್ದು.

ಇಲ್ಲಿಗೆ ಬರಲು ಮುಖ್ಯ ಕಾರಣ ಚರ್ಚೆ. ಚಾಂಪಿಯನ್‌ಷಿಪ್‌ನ 2024ರ ವೇಳಾಪಟ್ಟಿಯಿಂದ ಅಮೆರಿಕದ ಸೆಬ್ರಿಂಗ್, ಪೋರ್ಚುಗಲ್‌ನ ಪೋರ್ಟಿಮಾವ್ ಮತ್ತು ಇಟಲಿಯ ಮೊಂಜಾ ಟ್ರ್ಯಾಕ್‌ಗಳು ಹೊರಬಿದ್ದು, ಕತಾರ್, ಇಟಲಿಯ ಇಮೋಲಾ, ಬ್ರೆಜಿಲ್‌ನ ಇಂಟರ್‌ಲಾಗೋಸ್ ಹಾಗೂ ಅಮೆರಿಕದ ಆಸ್ಟಿನ್ ಸೇರಿದ್ದರ ಬಗ್ಗೆ ಈ ಮೇಜುಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಹಳೆಯ ವಿಮಾನನೆಲೆಯ ಒರಟು ಕಾಂಕ್ರೀಟಿನ ಮೇಲೆ ಕಾರುಗಳ ತಾಳಿಕೆಯನ್ನೇ ಪರೀಕ್ಷಿಸುವ ಸೆಬ್ರಿಂಗ್‌ಗೆ ಕತಾರ್‌ನ ನುಣುಪಾದ ಟ್ರ್ಯಾಕ್ ಸಮನಲ್ಲವೆಂದು ಹಿರಿಯರೊಬ್ಬರು ವಾದಿಸಿದರೆ, ಅಲ್ಲಿ 1952ರಿಂದ ನಡೆದುಬಂದ 12 ಗಂಟೆಗಳ ರೇಸ್ ಅಮೆರಿಕದ ಸರಣಿಯಲ್ಲಿ ಮುಂದುವರಿದಿದೆಯಲ್ಲ ಎಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಉತ್ತರಿಸುತ್ತಾರೆ. ನನ್ನ ಮತವೂ ಹಿರಿಯರ ಕಡೆಗೇ. 4.909 ಕಿ.ಮೀ. ಉದ್ದದ, ಕಿರಿದಾದ ಇಮೋಲಾದಲ್ಲಿ ಅತಿ ವೇಗದ ಹೈಪರ್‌ಕಾರುಗಳು ಅದೇ ರೇಸಿನಲ್ಲಿ ಓಡುವ ನಿಧಾನಗತಿಯ ಜಿಟಿ3 ಕಾರುಗಳನ್ನು ದಾಟಲು ಪಡುವ ಪಾಡನ್ನು ನೋಡಿದಾಗ ಮೊಂಜಾದ ಉದ್ದನೆಯ ನೇರ ಹಾದಿ ನೆನಪಾಗುತ್ತದೆ. ಇಂಟರ್‌ಲಾಗೋಸ್ ಮರಳಿದ್ದನ್ನು ಮಾತ್ರ ಎಲ್ಲರೂ ಸ್ವಾಗತಿಸುತ್ತಾರೆ.

ತಿಂಡಿ ಸಾಧಾರಣ, ಚಹಾ ಉತ್ತಮ, ಕುಂದಾ ಬಹಳ ರುಚಿ. ಧ್ವನಿವ್ಯವಸ್ಥೆ ಸ್ಪಷ್ಟವಾಗಿದೆ. ದೊಡ್ಡ ಕೊರತೆಯೆಂದರೆ ಸಮಯ: ಫ್ರಾನ್ಸ್‌ನ 24 ಗಂಟೆಗಳ ರೇಸ್ ಲೆ ಮಾನ್ಸ್ ನಮ್ಮಲ್ಲಿ ಸಂಜೆ 7.30ಕ್ಕೆ ಆರಂಭವಾದರೂ ರಾತ್ರಿ 11ಕ್ಕೆ ಬಾಗಿಲು ಹಾಕುವುದರಿಂದ ಅದರ ಬಹುಭಾಗ ತಪ್ಪುತ್ತದೆ. ಜಪಾನಿನ ಫ್ಯೂಜಿ ರೇಸಿಗೆ ಬೆಳಿಗ್ಗೆಯೇ ತೆರೆಯುವ ಇವರು, ಜೂನ್‌ನ ಆ ಒಂದು ರಾತ್ರಿಗೆ ಪರವಾನಗಿ ಪಡೆಯಲು ಯತ್ನಿಸಬೇಕು.