ಕಿಡ್ನಿ ಸೊರಗಿದವರಿಗೆ ಬೈಪಾಸ್: ಪಂಪ್ ಬೇಕೋ, ಬೇಡವೋ?

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ; ಏರಿದರೆ ಕಿಡ್ನಿ ಸೊರಗಿದೆ ಎಂದರ್ಥ) ಮೊದಲೇ 1.8 mg/dL ಇರುವವರಿಗೆ ಹೃದಯದ ಬೈಪಾಸ್ ಆಗಬೇಕೆಂದರೆ ಎರಡು ದಾರಿ. ಹೃದಯ ನಿಲ್ಲಿಸಿ ಹಾರ್ಟ್-ಲಂಗ್ ಮಷೀನ್ (ಇದೇ 'ಪಂಪ್') ಮೇಲೆ ಮಾಡುವುದು ಒಂದು. ಬಡಿಯುತ್ತಿರುವ ಹೃದಯದ ಮೇಲೇ ಹೊಲಿಯುವ 'ಬೀಟಿಂಗ್ ಹಾರ್ಟ್' ಇನ್ನೊಂದು.

ಮಷೀನ್‌ನಲ್ಲಿ ಹರಿಯುವಾಗ ರಕ್ತ ತೆಳುವಾಗುತ್ತದೆ, ಕೆಂಪು ಕಣಗಳು ಒಡೆಯುತ್ತವೆ, ಉರಿಯೂತ ಏಳುತ್ತದೆ. ಇದೆಲ್ಲದರ ಪೆಟ್ಟು ಕಿಡ್ನಿಗೆ. ಹಾಗಾದರೆ ಪಂಪ್ ಇಲ್ಲದ್ದೇ ವಾಸಿ ಅಲ್ಲವೇ? ಅಷ್ಟು ಸಲೀಸಲ್ಲ. 4,752 ರೋಗಿಗಳ 'ಕರೋನರಿ' ಅಧ್ಯಯನದಲ್ಲಿ (2012) ಕಿಡ್ನಿಗೆ ತಕ್ಷಣದ ಪೆಟ್ಟು ಬಿದ್ದದ್ದು ಪಂಪ್ ಇಲ್ಲದವರಲ್ಲಿ ಶೇ 28, ಇದ್ದವರಲ್ಲಿ ಶೇ 32. ಆದರೆ ಡಯಾಲಿಸಿಸ್‌ವರೆಗೆ ಹೋದವರು ಎರಡೂ ಕಡೆ ಶೇ 1ರ ಆಸುಪಾಸು. ವರ್ಷ ಕಳೆದ ಮೇಲೆ ನೋಡಿದರೆ ಕಿಡ್ನಿಯ ಲೆಕ್ಕದಲ್ಲಿ ಲಾಭವೇ ಉಳಿದಿರಲಿಲ್ಲ. ಮೊದಲ ತಿಂಗಳಲ್ಲಿ ಮತ್ತೆ ರಕ್ತನಾಳ ಸರಿಪಡಿಸಿಕೊಳ್ಳಬೇಕಾದವರು, ಸಂಖ್ಯೆ ಚಿಕ್ಕದಾದರೂ, ಪಂಪ್ ಇಲ್ಲದ ಕಡೆಯೇ ಜಾಸ್ತಿ.

ನನ್ನನ್ನು ಕೇಳಿದರೆ, ನಿಮ್ಮ ಸರ್ಜನ್ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನೇ ಆರಿಸಿ. ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸುಣ್ಣಗಟ್ಟಿದ್ದರೆ ಮಾತ್ರ ಪಂಪ್ ಇಲ್ಲದ್ದಕ್ಕೆ ತೂಕ ಹೆಚ್ಚು. ಎದೆ ತೆರೆದು ಕವಾಟ ಬದಲಿಸುವುದಿದ್ದರೆ ಈ ಚರ್ಚೆಯೇ ಬೇಡ, ಪಂಪ್ ಬೇಕೇ ಬೇಕು.

ಇದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು: ಆಂಜಿಯೋಗ್ರಾಂ ಡೈ ಕೊಟ್ಟ ಮೇಲೆ ಆಪರೇಷನ್‌ಗೆ ಕೆಲವು ದಿನ ಬಿಡುವು ಸಿಗುತ್ತದೆಯೇ? ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಪ್ಪಿಸುತ್ತಾರೆಯೇ? ಐಸಿಯುನಲ್ಲಿ ಮೂತ್ರದ ಚೀಲ ನೋಡಿ: 60 ಕೆಜಿ ತೂಕದವರಿಗೆ ಗಂಟೆಗೆ 30 ಮಿಲಿಗಿಂತ ಕಡಿಮೆ ಆರು ಗಂಟೆ ಮುಂದುವರಿದರೆ, ಕ್ರಿಯಾಟಿನಿನ್ ಏರದಿದ್ದರೂ ಅದು ಕಿಡ್ನಿ ಪೆಟ್ಟೇ. ಡಾಕ್ಟರನ್ನು ಆಗಲೇ ಕೇಳಿ.