ಸಾನ್ ಕಲ್ಲಿಸ್ತೊ ಕ್ಯಾಟಕೂಮ್: ಮುಕ್ಕಾಲು ಗಂಟೆಯ ಸುತ್ತಿನಲ್ಲಿ ಸಿಗುವುದೇನು, ತಪ್ಪುವುದೇನು

ರೋಮ್ ನಗರದ ದಕ್ಷಿಣಕ್ಕೆ, ಹಳೆಯ ಅಪ್ಪಿಯ ರಸ್ತೆಯ ಪಕ್ಕದಲ್ಲಿ ಕ್ಯಾಟಕೂಮ್‌ಗಳು, ಅಂದರೆ ನೆಲದಡಿಯ ಕ್ರೈಸ್ತ ಸ್ಮಶಾನಗಳು, ಒತ್ತೊತ್ತಾಗಿವೆ. ಅವುಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಸಾನ್ ಕಲ್ಲಿಸ್ತೊವನ್ನೇ ಆರಿಸಿಕೊಳ್ಳಿ. ಗೋಡೆಗಳ ಮೇಲಿನ ಚಿತ್ರ, ಅಕ್ಷರ, ಸಮಾಧಿಗಳ ಜೋಡಣೆ ಎಲ್ಲದರಲ್ಲೂ ಆರಂಭದ ಶತಮಾನಗಳ ವಿಶ್ವಾಸಿಗಳ ಬದುಕನ್ನು ಇಷ್ಟು ದಟ್ಟವಾಗಿ ತೋರಿಸುವ ಜಾಗ ಬೇರೆ ಸಿಗುವುದು ಕಷ್ಟ. ಆದರೆ ಸಾಮಾನ್ಯ ಸುತ್ತಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಟ್ಟ ರಕ್ತಸಾಕ್ಷಿಗಳ ಧೈರ್ಯಕ್ಕೂ ಪುನರುತ್ಥಾನದ ನಿರೀಕ್ಷೆಗೂ ಸಿಗುವಷ್ಟು ಜಾಗ ಇನ್ನೊಂದು ಸಂಗತಿಗೆ ಸಿಗುವುದಿಲ್ಲ. ಇಲ್ಲಿ ಮಲಗಿದ್ದವರು ತಮ್ಮೊಳಗೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಎಂದು ತಲೆಮಾರುಗಳ ಕಾಲ ಜಗಳವಾಡಿದವರು. ಆ ಕಥೆಯನ್ನು ಮೊದಲೇ ತಿಳಿದು ಹೋದರೆ ಕೊಟ್ಟ ದುಡ್ಡಿಗೆ ಎರಡರಷ್ಟು ದಕ್ಕುತ್ತದೆ.

ಮೊದಲು ವ್ಯವಸ್ಥೆಯ ಮಾತು. ಈಚಿನ ವರ್ಷಗಳಲ್ಲಿ ದೊಡ್ಡವರಿಗೆ ಟಿಕೆಟ್ 10 ಯೂರೋ, ಮಕ್ಕಳಿಗೆ ರಿಯಾಯಿತಿ. ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5, ಬುಧವಾರ ರಜೆ. ಚಳಿಗಾಲದಲ್ಲಿ ಕೆಲವು ವಾರ ಪೂರ್ತಿ ಮುಚ್ಚುವುದರಿಂದ ಜನವರಿ, ಫೆಬ್ರವರಿಯಲ್ಲಿ ಹೋಗುವವರು ತಾರೀಖು ಖಚಿತಪಡಿಸಿಕೊಂಡೇ ಹೊರಡಬೇಕು. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಇಂಗ್ಲಿಷ್, ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಗುಂಪುಗಳು ಬೇರೆಬೇರೆಯಾಗಿ ಹೊರಡುತ್ತವೆ. ಉಸ್ತುವಾರಿ ಸಲೇಸಿಯನ್ ಪಾದ್ರಿಗಳದ್ದು, ಅಂದರೆ ಕರ್ನಾಟಕದಲ್ಲಿ ಡಾನ್ ಬಾಸ್ಕೊ ಶಾಲೆಗಳ ಮೂಲಕ ಪರಿಚಿತವಾದ ಸಭೆಯದ್ದೇ. ಒಳಗೆ ಫೋಟೊ ತೆಗೆಯುವಂತಿಲ್ಲ. ಈ ನಿಷೇಧ ಒಳ್ಳೆಯದೇ. ಫೋನ್ ಜೇಬಿಗೆ ಹೋದರೆ ಕಣ್ಣು ಗೋಡೆಗೆ ಹೋಗುತ್ತದೆ. ನೆಲದಡಿಯಲ್ಲಿ ವರ್ಷವಿಡೀ ಸುಮಾರು 15 ಡಿಗ್ರಿ ಸೆಲ್ಸಿಯಸ್, ಜೊತೆಗೆ ತೇವ. ಜುಲೈ ಬಿಸಿಲಲ್ಲಿ ಬೆವತು ಇಳಿದವರಿಗೂ ಹತ್ತು ನಿಮಿಷಕ್ಕೆ ಚಳಿ ಹಿಡಿಯುವುದರಿಂದ ತೆಳ್ಳನೆಯ ಸ್ವೆಟರ್ ಇರಲಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು. ಮೆಟ್ಟಿಲು ಕಡಿದಾಗಿವೆ, ಓಣಿಗಳು ಕಿರಿದು. ಗಾಲಿಕುರ್ಚಿಯಲ್ಲಿ ಹೋಗಲು ಸಾಧ್ಯವಿಲ್ಲ. ಮುಚ್ಚಿದ ಜಾಗಕ್ಕೆ ಹೆದರುವವರು ಮೊದಲೇ ಯೋಚಿಸಿಕೊಳ್ಳಬೇಕು, ಏಕೆಂದರೆ ಅರ್ಧ ದಾರಿಯಲ್ಲಿ ಒಬ್ಬರೇ ಹಿಂದಿರುಗುವಂತಿಲ್ಲ.

ತಲುಪುವ ವಿಷಯದಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ನಕ್ಷೆಯಲ್ಲಿ ದಾರಿ ನೇರವಾಗಿ ಕಾಣುತ್ತದೆಂದು ಸಾನ್ ಸೆಬಾಸ್ತಿಯಾನೊ ಎಂಬ ಹಳೆಯ ಊರಬಾಗಿಲಿನಿಂದ ಅಪ್ಪಿಯ ರಸ್ತೆಯಲ್ಲೇ ನಡೆಯತೊಡಗುತ್ತಾರೆ. ಆ ಭಾಗದಲ್ಲಿ ಎರಡೂ ಕಡೆ ಎತ್ತರದ ಗೋಡೆ, ಫುಟ್‌ಪಾತ್ ಇಲ್ಲ, ಕಾರುಗಳು ಮೈಗೆ ತಾಗುವಂತೆ ಹೋಗುತ್ತವೆ. ಲ್ಯಾಟರನ್ ಚೌಕದಿಂದ 218, ಕೊಲೊಸಿಯಂ ಕಡೆಯಿಂದ 118 ನಂಬರಿನ ಬಸ್ಸುಗಳಿವೆ. ಎರಡೂ ಪದೇಪದೇ ಬರುವ ಬಸ್ಸುಗಳಲ್ಲ, ಕಾಯುವ ಸಮಯವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಡೆಯಲೇಬೇಕೆಂದಿದ್ದರೆ 'ಕ್ವೊ ವಾದಿಸ್' ಎಂಬ ಪುಟ್ಟ ಚರ್ಚಿನ ಬಳಿ ಇಳಿದು, ಕ್ಯಾಟಕೂಮ್‌ನ ಜಮೀನಿನೊಳಗೇ ಹಾದುಹೋಗುವ ಮರಗಳ ಸಾಲಿನ ಓಣಿ ಹಿಡಿಯಿರಿ. ಅದರಲ್ಲಿ ವಾಹನಗಳ ಕಾಟವಿಲ್ಲ. ಕ್ಯಾಟಕೂಮ್ ಮುಚ್ಚಿರುವ ಹೊತ್ತಿನಲ್ಲಿ ಅದರ ಗೇಟೂ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಈ ರಸ್ತೆಗೇ ಒಂದು ಸ್ವಾಗತದ ಚರಿತ್ರೆಯಿದೆ. ಕೈದಿಯಾಗಿ ರೋಮಿಗೆ ಬರುತ್ತಿದ್ದ ಕ್ರೈಸ್ತ ಬೋಧಕ ಪೌಲನನ್ನು ಎದುರುಗೊಳ್ಳಲು ಇಲ್ಲಿನ ವಿಶ್ವಾಸಿಗಳು ಅಪ್ಪಿಯ ಪೇಟೆಯವರೆಗೂ, ಮೂರು ಛತ್ರಗಳೆಂಬ ತಂಗುದಾಣದವರೆಗೂ ಬಂದರು ಎಂದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 28ನೇ ಅಧ್ಯಾಯ ಹೇಳುತ್ತದೆ. ಅಪ್ಪಿಯ ಪೇಟೆ ರೋಮಿನಿಂದ 60 ಕಿಲೋಮೀಟರಿಗೂ ಆಚೆ. ಅವರನ್ನು ಕಂಡು ಪೌಲನಿಗೆ ಧೈರ್ಯ ಬಂತಂತೆ. ಅದಕ್ಕೂ ಕೆಲವು ವರ್ಷ ಮುಂಚೆ, ಸುಮಾರು ಕ್ರಿ.ಶ. 57ರಲ್ಲಿ, ಇನ್ನೂ ಕಂಡಿರದ ಇದೇ ಜನಕ್ಕೆ ಅವನು ಕೊರಿಂಥದಿಂದ ಪತ್ರ (ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆ) ಬರೆದಿದ್ದ. ಭೇಟಿಯ ಹಿಂದಿನ ರಾತ್ರಿ ಆ ಪತ್ರದ 14ನೇ ಅಧ್ಯಾಯದ ಮೊದಲಿನಿಂದ 15ನೇ ಅಧ್ಯಾಯದ 13ನೇ ವಚನದವರೆಗೆ ಓದಿ. ಹತ್ತು ನಿಮಿಷದ ಓದು. ಯಾವ ಗೈಡ್‌ಬುಕ್ ಓದಿದರೂ ಇದಕ್ಕಿಂತ ಒಳ್ಳೆಯ ಸಿದ್ಧತೆಯಾಗದು.

ಆ ಪತ್ರದಲ್ಲಿರುವ ಸಮಸ್ಯೆ ನಮ್ಮವರಿಗೆ ವಿವರಿಸಿ ಹೇಳಬೇಕಾದದ್ದೇ ಅಲ್ಲ. ಒಬ್ಬ ಕಾಯಿಪಲ್ಲೆ ಮಾತ್ರ ತಿನ್ನುತ್ತಾನೆ, ಇನ್ನೊಬ್ಬ ಎಲ್ಲವನ್ನೂ ತಿನ್ನುತ್ತಾನೆ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ತಿನ್ನುವವನು ತಿನ್ನದವನನ್ನು ಹೀನೈಸುತ್ತಾನೆ, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡುತ್ತಾನೆ. ಇದರ ಹಿಂದೆ ರಾಜಕೀಯವೂ ಇತ್ತು. ಚಕ್ರವರ್ತಿ ಕ್ಲೌದಿಯಸ್ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ್ದ. ಇದನ್ನು ಸಾಮಾನ್ಯವಾಗಿ ಕ್ರಿ.ಶ. 49ಕ್ಕೆ ಹಚ್ಚುತ್ತಾರೆ. ಹಾಗೆ ಊರು ಬಿಟ್ಟವರಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯೂ ಇದ್ದರು. ಯೆಹೂದ್ಯ ವಿಶ್ವಾಸಿಗಳು ಮರಳಿ ಬಂದಾಗ ಸಭೆಗಳು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ರೀತಿನೀತಿಗೆ ಹೊರಳಿದ್ದವು ಎಂಬುದು ಬಹಳ ವಿದ್ವಾಂಸರ ಊಹೆ. ಪೌಲ ಯಾವ ಪಕ್ಷಕ್ಕೂ ಊಟದ ಕ್ರಮ ಬದಲಿಸಿಕೊಳ್ಳಿ ಎನ್ನುವುದಿಲ್ಲ. ಬಲವುಳ್ಳವರು ಬಲವಿಲ್ಲದವರ ಭಾರ ಹೊರಬೇಕು, ಕ್ರಿಸ್ತನು ನಿಮ್ಮನ್ನು ಸೇರಿಸಿಕೊಂಡ ಹಾಗೆಯೇ ನೀವೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಬೇಕು ಎನ್ನುತ್ತಾನೆ. ಕೀರ್ತನೆ, ಧರ್ಮೋಪದೇಶಕಾಂಡ, ಯೆಶಾಯನ ಗ್ರಂಥಗಳಿಂದ ನಾಲ್ಕು ಮಾತು ಎತ್ತಿ, ಅನ್ಯಜನರೂ ಇಸ್ರಾಯೇಲಿನ ಜೊತೆಗೇ ಹಾಡಬೇಕೆಂಬುದು ಹೊಸ ಮಾತಲ್ಲವೆಂದು ತೋರಿಸುತ್ತಾನೆ. ಕೊನೆಯಲ್ಲಿ ನಿರೀಕ್ಷೆಯ ದೇವರನ್ನು ಬೇಡಿಕೊಳ್ಳುತ್ತಾನೆ. ಇಲ್ಲಿ ನಿರೀಕ್ಷೆ ಎನ್ನುವುದು ಒಬ್ಬೊಬ್ಬರ ಸಾವಿನಾಚೆಯ ಸಮಾಧಾನವಷ್ಟೇ ಆಗಿಲ್ಲ. ಬೇರೆಬೇರೆ ಪಂಕ್ತಿಯವರು ಒಂದೇ ದನಿಯಲ್ಲಿ ಹಾಡುವ ದಿನದ ನಿರೀಕ್ಷೆ ಅದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿಳಿಯಬೇಕು.

ಕೆಳಗೆ ಸಿಗುವುದು ಸುಮಾರು 20 ಕಿಲೋಮೀಟರ್ ಓಣಿಗಳ ಜಾಲ, ನಾಲ್ಕು ಅಂತಸ್ತು, 20 ಮೀಟರಿಗೂ ಹೆಚ್ಚು ಆಳ. ಸುತ್ತಿನಲ್ಲಿ ಕಾಣುವುದು ಅದರ ಚಿಕ್ಕ ತುಣುಕು. ಅಗೆದಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲನ್ನು. ಅಗೆಯುವಾಗ ಮೃದು, ಗಾಳಿ ತಾಗಿದ ಮೇಲೆ ಗಡಸು. ಗೋಡೆಯ ಉದ್ದಕ್ಕೂ ಒಂದರ ಮೇಲೊಂದು ಅಡ್ಡಗೂಡುಗಳು. ಬಟ್ಟೆ ಸುತ್ತಿದ ದೇಹವನ್ನಿಟ್ಟು ಹೆಂಚಿನಿಂದಲೋ ಅಮೃತಶಿಲೆಯಿಂದಲೋ ಮುಚ್ಚಿ ಗಾರೆ ಮೆತ್ತುತ್ತಿದ್ದರು. ಉಳ್ಳವರಿಗೆ ಕಮಾನಿನ ಗೋರಿ ಅಥವಾ ಇಡೀ ಕೋಣೆ. ಬಡವರ ಗೂಡೂ ಧರ್ಮಾಧ್ಯಕ್ಷರ ಗೂಡೂ ಒಂದೇ ಸ್ಮಶಾನದೊಳಗಿವೆ. ಹಿಂಸೆಯ ಕಾಲದಲ್ಲಿ ಕ್ರೈಸ್ತರು ಇಲ್ಲಿ ಅಡಗಿ ವಾಸಿಸುತ್ತಿದ್ದರೆಂಬ ಮಾತನ್ನು ಈಗಲೂ ಕೇಳುತ್ತೀರಿ, ನಂಬಬೇಡಿ. ಇದು ಸ್ಮಶಾನ, ಹೂಳಲು, ಸತ್ತವರ ನೆನಪಿನ ದಿನ ಸೇರಲು ಬರುತ್ತಿದ್ದರು. ಊರ ಗೋಡೆಯ ಒಳಗೆ ಹೆಣ ಹೂಳಬಾರದೆಂಬ ರೋಮನ್ ಕಾನೂನಿನಿಂದಾಗಿಯೇ ಇದು ಊರ ಹೊರಗಿದೆ.

ಪೋಪರ ಕೋಣೆ ಸುತ್ತಿನ ತಿರುಳು. ಮೂರನೇ ಶತಮಾನದ ಒಂಬತ್ತು ಮಂದಿ ಪೋಪರು ಇಲ್ಲಿದ್ದರು. 1854ರಲ್ಲಿ ಇದನ್ನು ಕಂಡುಹಿಡಿದವನು ಪುರಾತತ್ವಜ್ಞ ಜೊವಾನ್ನಿ ಬತ್ತಿಸ್ತ ದೆ ರೊಸ್ಸಿ. ಚೂರಾದ ಶಿಲೆಗಳ ಮೇಲೆ ಪೊಂತಿಯನ್, ಅಂತೆರಸ್, ಫಬಿಯನ್, ಲೂಸಿಯಸ್, ಯುತಿಖಿಯನ್ ಹೆಸರುಗಳು ಗ್ರೀಕಿನಲ್ಲಿವೆ. ರೋಮಿನ ಧರ್ಮಾಧ್ಯಕ್ಷರ ಗೋರಿಯಲ್ಲಿ ಗ್ರೀಕ್ ಏಕೆ ಎಂದು ಗೈಡ್‌ರನ್ನು ಕೇಳಿ. ಪೂರ್ವದಿಂದ ಬಂದವರು, ಗುಲಾಮರು, ಬಿಡುಗಡೆಯಾದವರು ಸೇರಿ ಕಟ್ಟಿದ ಸಭೆಯಿದು. ಅದರ ಮೊದಲ ಭಾಷೆ ಗ್ರೀಕ್.

ಈ ಸ್ಮಶಾನಕ್ಕೆ ಹೆಸರು ಕೊಟ್ಟ ಕಲ್ಲಿಸ್ತಸ್‌ನ ಬದುಕು ಇದಕ್ಕೆ ತಕ್ಕ ಸಾಕ್ಷಿ. ಅವನು ಗುಲಾಮನಾಗಿದ್ದ, ಒಡೆಯನ ಹಣದ ವ್ಯವಹಾರದಲ್ಲಿ ಮುಳುಗಿ, ಸಾರ್ದೀನಿಯ ದ್ವೀಪದ ಗಣಿಗೆ ಶಿಕ್ಷೆಯ ಮೇಲೆ ಹೋದ ಎಂಬುದು ಎದುರಾಳಿ ಹಿಪ್ಪೊಲಿತಸ್‌ನದೆಂದು ಹೇಳಲಾಗುವ ಬರಹದಿಂದ ತಿಳಿಯುತ್ತದೆ. ಬಿಡುಗಡೆಯಾಗಿ ಬಂದವನಿಗೆ ಪೋಪ್ ಜೆಫಿರಿನಸ್ ಈ ಸ್ಮಶಾನದ ಉಸ್ತುವಾರಿ ವಹಿಸಿದ. ಸುಮಾರು 217ರಲ್ಲಿ ತಾನೇ ಪೋಪನಾದ. ಅವನ ಮೇಲಿನ ದೂರುಗಳನ್ನು ನೋಡಿ: ದೊಡ್ಡ ಪಾಪ ಮಾಡಿದವರನ್ನೂ ಕ್ಷಮಿಸಿ ಒಳಗೆ ಸೇರಿಸಿಕೊಳ್ಳುತ್ತಾನೆ, ಕುಲೀನ ಹೆಂಗಸರು ಗುಲಾಮರೊಡನೆ ಬಾಳುವುದನ್ನು ಒಪ್ಪುತ್ತಾನೆ. ಇಂದು ಓದುವವರಿಗೆ ಆ ದೂರಿನ ಪಟ್ಟಿಯೇ ಅವನ ಬಿರುದಾವಳಿಯಂತೆ ಕೇಳಿಸುತ್ತದೆ. ಅಂದಹಾಗೆ ಕಲ್ಲಿಸ್ತಸ್‌ನನ್ನು ಇಲ್ಲಿ ಹೂಳಿಲ್ಲ, ಅವನ ಗೋರಿ ಔರೇಲಿಯ ರಸ್ತೆಯಲ್ಲಿತ್ತು. ಸೀದಾ ಅವನ ಸಮಾಧಿ ಹುಡುಕಿಕೊಂಡು ಬರುವವರಿಗೆ ಇದು ಗೊತ್ತಿರಲಿ.

ಪಕ್ಕದ ಕೋಣೆಯ ಸಂತ ಸೆಸಿಲಿಯಳ ಪ್ರತಿಮೆಯ ಮುಂದೆ ಗುಂಪು ಬಹಳ ಹೊತ್ತು ನಿಲ್ಲುತ್ತದೆ. ಅದು ಪ್ರತಿ; ಮದೆರ್ನೊ ಕೆತ್ತಿದ ಮೂಲ ಟ್ರಾಸ್ಟೆವೆರೆಯ ಚರ್ಚಿನಲ್ಲಿದೆ. ಆ ನಿಮಿಷಗಳನ್ನು ಉಳಿಸಿ ಕ್ರೈಸ್ತ ಪವಿತ್ರ ವಿಧಿಗಳ ಚಿತ್ರಗಳಿರುವ 'ಸಂಸ್ಕಾರಗಳ ಕೋಣೆ'ಗಳಿಗೆ ಕೊಟ್ಟರೆ ಮೇಲು. ಮೂರನೇ ಶತಮಾನದ ಆರಂಭದ ಈ ಚಿತ್ರಗಳು ಮಾಸಿವೆ. ಗೈಡ್ ಟಾರ್ಚ್ ಹಿಡಿದಾಗ ಮುಂದಿನ ಸಾಲಿನಲ್ಲಿರದಿದ್ದರೆ ಏನೂ ಕಾಣುವುದಿಲ್ಲ, ಹಾಗಾಗಿ ಇಳಿಯುವಾಗಲೇ ಗೈಡ್‌ರ ಬೆನ್ನಿಗೆ ನಿಲ್ಲಿ. ದೀಕ್ಷಾಸ್ನಾನ, ಏಳು ಜನರ ಊಟ, ಯೇಸು ಸಾವಿನಿಂದ ಎಬ್ಬಿಸಿದ ಲಾಜರ, ಪ್ರವಾದಿ ಯೋನ ಇವರ ಚಿತ್ರಗಳಿವೆ. ಯೋನನನ್ನು ಗೈಡ್‌ಗಳು ಪುನರುತ್ಥಾನದ ಗುರುತೆಂದು ವಿವರಿಸುತ್ತಾರೆ. ಮೀನಿನ ಹೊಟ್ಟೆಯಿಂದ ಮೂರು ದಿನಕ್ಕೆ ಹೊರಬಂದವನು ತಾನೆ. ಸರಿಯೇ. ಆದರೆ ಯೋನನ ಕಥೆ ಮುಗಿಯುವುದು ಅಲ್ಲಲ್ಲ. ಶತ್ರುಗಳ ಊರಾದ ನಿನೆವೆಯನ್ನು ದೇವರು ಉಳಿಸಿದನೆಂದು ಮುನಿಸಿಕೊಂಡು ಬಳ್ಳಿಯ ನೆರಳಲ್ಲಿ ಕೂತವನಿಗೆ, ಆ ಊರಿನ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನನಗೆ ಕನಿಕರ ಬೇಡವೇ ಎಂದು ದೇವರು ಕೇಳುವಲ್ಲಿ ಪುಸ್ತಕ ನಿಲ್ಲುತ್ತದೆ. ಬದುಕುವ ನಿರೀಕ್ಷೆಯೂ ಪರಕೀಯನ ಸ್ವೀಕಾರವೂ ಒಂದೇ ಕಥೆಯೊಳಗಿವೆ. ಬಳ್ಳಿಯ ಕೆಳಗೆ ಒರಗಿದ ಯೋನನ ಚಿತ್ರ ಕಂಡಾಗ ಎರಡನ್ನೂ ಕೂಡಿಸಿ ಓದಿ.

ಗೋರಿಕಲ್ಲುಗಳ ಮೇಲೆ ಲಂಗರುಗಳನ್ನೂ ಹುಡುಕಿ. ಇಬ್ರಿಯರಿಗೆ ಬರೆದ ಪತ್ರಿಕೆ ನಿರೀಕ್ಷೆಯನ್ನು ಆತ್ಮದ ಲಂಗರು ಎಂದದ್ದು (6:19) ಇಲ್ಲಿ ಉಳಿಗೆ ಇಳಿದಿದೆ. ಕೆಲವೊಮ್ಮೆ ಅದರ ಅಡ್ಡಪಟ್ಟಿ ಶಿಲುಬೆಯಂತೆಯೇ ಕಾಣುತ್ತದೆ.

ದೊಡ್ಡ ಕೊರತೆ ಎಂದರೆ ಪೋಪ್ ಕೊರ್ನೇಲಿಯಸ್‌ನ ಗೋರಿ. ಸಾಮಾನ್ಯ ಸುತ್ತಿನಲ್ಲಿ ಅದು ಸಿಗುತ್ತದೆಂದು ನಂಬಿ ಹೋಗಬೇಡಿ. ಅಧ್ಯಯನದ ಗುಂಪಾಗಿ ಹೋಗುವವರು ತಿಂಗಳುಗಳ ಮುಂಚೆ ಬರೆದು ವಿಚಾರಿಸಬೇಕು, ಅದಕ್ಕೆ ಪಡುವ ಶ್ರಮ ಸಾರ್ಥಕ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ಫಬಿಯನ್ ಸತ್ತ. ಅನೇಕರು ಜೀವಭಯದಿಂದ ದೇವತೆಗಳಿಗೆ ಬಲಿ ಅರ್ಪಿಸಿ ಪಾರಾದರು. ಹಿಂಸೆ ತಣಿದ ಮೇಲೆ ಅವರು ಅಳುತ್ತ ಮರಳಿ ಬಂದರು. ಸೇರಿಸಿಕೊಳ್ಳಬಾರದು ಎಂದ ರೋಮಿನ ಪಾದ್ರಿ ನೊವೇಶಿಯನ್. ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳಬೇಕು ಎಂದ 251ರಲ್ಲಿ ಪೋಪನಾದ ಕೊರ್ನೇಲಿಯಸ್. ಸಭೆ ಒಡೆಯಿತು. ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಕೊರ್ನೇಲಿಯಸ್‌ನ ಪರ ನಿಂತ. ಗೋರಿಯ ಪಕ್ಕದ ಗೋಡೆಯಲ್ಲಿ, ನಂತರದ ಶತಮಾನಗಳವರು ಬರೆಸಿದ ಚಿತ್ರದಲ್ಲಿ, ರೋಮಿನವನೂ ಆಫ್ರಿಕದವನೂ ಜೊತೆಯಾಗಿ ನಿಂತಿದ್ದಾರೆ. ಕೊರ್ನೇಲಿಯಸ್‌ನ ಶಿಲೆಯ ಬರಹ ಲ್ಯಾಟಿನ್. ಪೋಪರ ಕೋಣೆಯ ಗ್ರೀಕಿನ ನಂತರ ಅದನ್ನು ನೋಡಿದರೆ ಸಭೆಯ ಭಾಷೆ ಹೊರಳುತ್ತಿದ್ದುದೂ ತಿಳಿಯುತ್ತದೆ.

ಇನ್ನರ್ಧ ದಿನವಿದ್ದರೆ ಹತ್ತಿರದಲ್ಲೇ ಸಾನ್ ಸೆಬಾಸ್ತಿಯಾನೊ ಕ್ಯಾಟಕೂಮ್ ಇದೆ. ಪೇತ್ರ, ಪೌಲರ ನೆನಪಿನಲ್ಲಿ ಊಟಕ್ಕೆ ಸೇರುತ್ತಿದ್ದವರು ಅಲ್ಲಿನ ಗೋಡೆಯ ಮೇಲೆ ಗೀರಿದ ನೂರಾರು ಬೇಡಿಕೆಗಳನ್ನು, ಗ್ರೀಕಿನಲ್ಲೂ ಲ್ಯಾಟಿನ್‌ನಲ್ಲೂ, ಕಣ್ಣಾರೆ ನೋಡಬಹುದು. ದೊಮಿತಿಲ್ಲ (ಮಂಗಳವಾರ ರಜೆ) ಕ್ಯಾಟಕೂಮ್‌ನಲ್ಲಿ ಅಂಪ್ಲಿಯಾತಸ್ ಎಂಬವನ ಕೋಣೆಯಿದೆ. ಪೌಲ ವಂದನೆ ಹೇಳಿದವರ ಪಟ್ಟಿಯಲ್ಲಿ (16:8) ಇದೇ ಹೆಸರಿದೆ. ಇಬ್ಬರೂ ಒಬ್ಬರೇ ಎನ್ನಲು ಆಧಾರವಿಲ್ಲ, ಅದು ಗುಲಾಮರಲ್ಲಿ ಬಳಕೆಯಲ್ಲಿದ್ದ ಹೆಸರು. ವಿಞ್ಞ ರಾಂದನೀನಿ ಎಂಬ ಯೆಹೂದ್ಯರ ಕ್ಯಾಟಕೂಮ್ ಕೂಡ ಇದೇ ರಸ್ತೆಯಲ್ಲಿದೆ, ಏಳು ಕವಲಿನ ದೀಪಸ್ತಂಭದ ಚಿತ್ರಗಳೂ ಗ್ರೀಕ್ ಬರಹಗಳೂ ಅಲ್ಲಿವೆ. ಆದರೆ ಮುಂಚಿತವಾಗಿ ಅನುಮತಿ ಪಡೆಯದೆ ಒಳಗೆ ಹೋಗಲಾಗದು.

ಮೆಟ್ಟಿಲು ಇಳಿಯಲಾಗದವರು ನಿರಾಶರಾಗಬೇಕಿಲ್ಲ. ತೆರ್ಮಿನಿ ರೈಲು ನಿಲ್ದಾಣದ ಎದುರಿನ ಡಯೊಕ್ಲಿಶಿಯನ್ ಸ್ನಾನಗೃಹಗಳ ವಸ್ತುಸಂಗ್ರಹಾಲಯದಲ್ಲಿ ಮೂರನೇ ಶತಮಾನದ ಲಿಸಿನಿಯ ಅಮಿಯಾಸ್ ಎಂಬ ಹೆಂಗಸಿನ ಗೋರಿಕಲ್ಲಿದೆ. ತುದಿಯಲ್ಲಿ ಎಲ್ಲ ರೋಮನ್ನರೂ ಬಳಸುತ್ತಿದ್ದ ಪಿತೃದೇವತೆಗಳ ಸೂತ್ರ, ಅದರಡಿ 'ಬದುಕಿರುವವರ ಮೀನು' (ಮೀನು ಕ್ರಿಸ್ತನ ಗುರುತು) ಎಂಬ ಗ್ರೀಕ್ ಮಾತು, ಆಮೇಲೆ ಎರಡು ಮೀನುಗಳ ನಡುವೆ ಲಂಗರು, ಕೆಳಗೆ ಲ್ಯಾಟಿನ್ ಬರಹ. ಸೋಮವಾರ ಸಂಗ್ರಹಾಲಯಕ್ಕೆ ರಜೆ.