ಹೊಸ ಬೇಸ್ ಗಿಟಾರ್ ಮತ್ತು ಪಿಕ್‌ಗಾರ್ಡ್ ಚಪಲ

ಹೊಸ ಬೇಸ್ ತಗೊಂಡಿದ್ದೇನೆ. ಜಾಝ್ ಬೇಸ್ ಮಾದರಿ, ನಾಲ್ಕು ತಂತಿ, ತಿಳಿನೀಲಿ ಬಣ್ಣ, ಬಿಳಿ ಪಿಕ್‌ಗಾರ್ಡ್ (ಗಿಟಾರಿನ ಮೈ ಗೀಚದಂತೆ ಮುಂಭಾಗಕ್ಕೆ ಹಾಕುವ ಪ್ಲಾಸ್ಟಿಕ್ ಹಲಗೆ). ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಈ ಆಕಾರದ ಬೇಸನ್ನು ಈಗ ಎಷ್ಟೋ ಕಂಪನಿಗಳು ಮಾಡುತ್ತವೆ, ನಾನು ಹೇಳುವುದರಲ್ಲಿ ಹೆಚ್ಚಿನದು ಎಲ್ಲಕ್ಕೂ ಹೊಂದುತ್ತದೆ. ನುಡಿಸುವುದಕ್ಕೆ ಏನೂ ಕೊರತೆ ಇಲ್ಲ, ಪೂರ್ತಿ ಮನಸೋತಿದ್ದೇನೆ. ಹಾಗಿದ್ದರೂ ಇದಕ್ಕೆ ಒಂದಿಷ್ಟು ಸಿಂಗಾರ ಮಾಡಬೇಕು ಅನ್ನುವ ಚಪಲ ಹತ್ತಿಕೊಂಡಿದೆ. ಬೇಸ್ ನುಡಿಸುವವರಿಗೆ ಇದು ಗೊತ್ತಿರುವ ಕಾಯಿಲೆನೇ ಅಲ್ವಾ?

ಮೊದಲು ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತಿನ ಬಗ್ಗೆ. ನಾನು ಬಿದ್ದಿದ್ದೇ ಅದಕ್ಕೆ. ಜಾಝ್ ಬೇಸ್‌ನ ನೆಕ್ ನಟ್ (ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಸುಮಾರು 38 ಮಿಲಿಮೀಟರ್ ಅಗಲ ಇರುತ್ತದೆ. ಪ್ರಿಸಿಷನ್ ಬೇಸ್ ಅನ್ನುವ ಇನ್ನೊಂದು ಮಾದರಿಯಲ್ಲಿ 41ರಿಂದ 44ರವರೆಗೂ ಹೋಗುತ್ತದೆ. ಕೇಳೋಕೆ ಮೂರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ, ಆದರೆ ಸ್ಕೇಲ್ (ತಂತಿಯ ನುಡಿಯುವ ಉದ್ದ) ಎರಡರಲ್ಲೂ ಅದೇ 34 ಇಂಚು, ಮೊದಲ ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ನಾಲ್ಕನೆಯದಕ್ಕೆ ಕೈ ಚಾಚುವುದು ಹೇಗೂ ಕಷ್ಟ, ಅದರ ಮೇಲೆ ನೆಕ್ಕೂ ಅಗಲ ಇದ್ದರೆ ಸಣ್ಣ ಕೈಯವರ ಮಣಿಕಟ್ಟು ಸಂಜೆಗೆ ದೂರು ಹೇಳುತ್ತದೆ. ಇದರಲ್ಲಿ ಆ ತೊಂದರೆ ಇಲ್ಲ. ಫ್ರೆಟ್ ತುದಿಗಳೂ ಚೆನ್ನಾಗಿವೆ. ಹೊಸ ಬೇಸ್ ನೋಡಲು ಹೋದಾಗ ಇದೊಂದನ್ನು ತಪ್ಪದೆ ಮಾಡಿ: ನೆಕ್ ಅಂಚಿಗೆ ಬೆರಳ ಬದಿ ತಾಗಿಸಿ ನಟ್‌ನಿಂದ ಕೊನೆಯ ಫ್ರೆಟ್‌ವರೆಗೆ ಮೆಲ್ಲಗೆ ಜಾರಿಸಿ. ಎಲ್ಲಾದರೂ ಚುಚ್ಚಿದರೆ ಅಲ್ಲಿ ಅರ ಹಾಕುವ ಕೆಲಸ ಬಾಕಿ ಇದೆ ಅಂತ. ಹೊಳಪಿನ ಫಿನಿಶ್ ಬೆವರಿದಾಗ ಹೆಬ್ಬೆರಳಿಗೆ ಸ್ವಲ್ಪ ಅಂಟುತ್ತದೆ, ಅಷ್ಟು ಬಿಟ್ಟರೆ ನೆಕ್ ಬಗ್ಗೆ ಆಕ್ಷೇಪ ಇಲ್ಲ.

ದನಿ? ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಅಯಸ್ಕಾಂತಕ್ಕೆ ಒಂದೇ ಸುರುಳಿ ಸುತ್ತಿದ ಭಾಗ), ಎರಡು ವಾಲ್ಯೂಮ್, ಒಂದು ಟೋನ್. ಬ್ಯಾಟರಿ ಗಿಟರಿ ಏನಿಲ್ಲ. ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಗುಂಯ್ ಅನ್ನುವ ಸದ್ದು ಹೆಚ್ಚುಕಡಿಮೆ ಸತ್ತೇಹೋಗುತ್ತದೆ. ಒಂದು ಪಿಕಪ್‌ನ ಸುರುಳಿಯನ್ನು ಇನ್ನೊಂದಕ್ಕೆ ಉಲ್ಟಾ ಸುತ್ತಿರುತ್ತಾರೆ, ಅಯಸ್ಕಾಂತವೂ ಉಲ್ಟಾ. ಹಾಗಾಗಿ ಹೊರಗಿನ ಗದ್ದಲ ಒಂದನ್ನೊಂದು ಹೊಡೆದುಹಾಕಿ ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಯಾವುದಾದರೂ ಒಂದನ್ನು ಚೂರು ಇಳಿಸಿ ನೋಡಿ, ಗುಂಯ್ ವಾಪಸ್ ಬರುತ್ತದೆ. ಬ್ರಿಡ್ಜ್ (ಮೈಯ ಮೇಲೆ ತಂತಿ ಕೂರುವ ಲೋಹದ ಭಾಗ) ಹತ್ತಿರದ ಪಿಕಪ್ ಒಂದನ್ನೇ ಇಟ್ಟು, ಟೋನ್ ಅರ್ಧ ಇಳಿಸಿ, ಅದರ ಮೇಲೇ ಬೆರಳಿಟ್ಟು ಮೀಟಿದಾಗ ಬರುವ ಗುರುಗುಟ್ಟುವ ದನಿ ಇದೆಯಲ್ಲ, ಅದಕ್ಕಾಗಿಯೇ ಈ ಗದ್ದಲವನ್ನೂ ಸಹಿಸಿಕೊಂಡಿದ್ದೇನೆ. ಪಿಕಪ್ ಬದಲಿಸು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಬೇಡ. ಒಳಗೆ ಕೈ ಹಾಕುವುದಿಲ್ಲ.

ಹೆಡ್‌ಸ್ಟಾಕ್, ಅಂದರೆ ನೆಕ್ ತುದಿಯ ತಲೆಭಾಗದ ತೂಕ ಮಾತ್ರ ನಿಜವಾದ ತೊಂದರೆ. ಎಡಗೈ ಬಿಟ್ಟರೆ ನೆಕ್ ನೆಲದ ಕಡೆ ವಾಲುತ್ತದೆ. ಒಳಬದಿ ಒರಟಾಗಿರುವ ಅಗಲದ ಸ್ಟ್ರಾಪ್ ಹಾಕಿದ ಮೇಲೆ ಬಹುಪಾಲು ಸರಿಹೋಯಿತು. ಅಲ್ಲಿ ತಂತಿ ಬಿಗಿಸುವ ಟ್ಯೂನರ್ ಹಗುರದ್ದು ಹಾಕಿದರೆ ಇನ್ನೂ ಚೆನ್ನ ಅನ್ನುತ್ತಾರೆ.

ಈಗ ಸಿಂಗಾರದ ವಿಷಯ. ರೂಪ ಬದಲಿಸಬೇಕು ಅಂದರೆ ಪಿಕ್‌ಗಾರ್ಡ್‌ನಷ್ಟು ಸುಲಭದ್ದು, ಅದರಷ್ಟು ಎದ್ದು ಕಾಣುವುದು ಇನ್ನೊಂದಿಲ್ಲ. ಬರಿ ಬಿಳಿ ನನಗೆ ಸ್ವಲ್ಪ ಸಪ್ಪೆ ಅನ್ನಿಸುತ್ತಿದೆ. ಮನಸ್ಸಲ್ಲಿ ಎರಡಿವೆ. ಒಂದು ಮಿಂಟ್, ಅಂದರೆ ಬಿಳಿಗೆ ತುಸು ಹಸಿರು ಹತ್ತಿದಂಥ ಬಣ್ಣ. 1960ರ ದಶಕದ ಶುರುವಿನ ಬಿಳಿ ಸೆಲ್ಯುಲಾಯ್ಡ್ ಪಿಕ್‌ಗಾರ್ಡ್‌ಗಳು ವಯಸ್ಸಾಗುತ್ತಾ ಹಳದಿ ಹಸಿರಿಗೆ ತಿರುಗಿದವು. ಆ ಮಾಸಿದ ಬಣ್ಣವನ್ನೇ ಈಗ ಹೊಸದಾಗಿ ಮಾಡಿ ಮಾರುತ್ತಾರೆ, ತಮಾಷೆ ನೋಡಿ. ಇನ್ನೊಂದು ಆಮೆಚಿಪ್ಪಿನ ಕೆಂಪು ಕಂದು. ಇದರಲ್ಲಿ ಆಮೆಯೂ ಇಲ್ಲ, ಚಿಪ್ಪೂ ಇಲ್ಲ, ಪೂರಾ ಪ್ಲಾಸ್ಟಿಕ್. ಗುಣಮಟ್ಟ ತಯಾರಕರಿಂದ ತಯಾರಕರಿಗೆ ಆಕಾಶ ಭೂಮಿ ವ್ಯತ್ಯಾಸ. ಕೆಲವು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಒಳಗೆ ಆಳ ಇದ್ದಂತೆ ಮಿನುಗುತ್ತವೆ, ಕೆಲವು ಚಿತ್ರ ಅಂಟಿಸಿದಂತೆ ಚಪ್ಪಟೆಯಾಗಿ ಕಾಣುತ್ತವೆ. ಫೋಟೋದಲ್ಲಿ ಇದು ಗೊತ್ತಾಗುವುದೇ ಇಲ್ಲ, ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ಕೊಳ್ಳುವ ಮುಂಚೆ ಅಳತೆ ನೋಡಲೇಬೇಕು. ಜಾಝ್ ಬೇಸ್ ಪಿಕ್‌ಗಾರ್ಡ್‌ಗೆ ಸಾಮಾನ್ಯವಾಗಿ 10 ಸ್ಕ್ರೂ. ಆದರೆ 10 ತೂತು ಇದ್ದ ಮಾತ್ರಕ್ಕೆ ಅವು ಒಂದೇ ಜಾಗದಲ್ಲಿ ಇರುತ್ತವೆ ಅಂತ ಅಲ್ಲ. ಈಗಿರುವ ಪಿಕ್‌ಗಾರ್ಡ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಸ್ಕ್ರೂ ತೂತುಗಳನ್ನಷ್ಟೇ ನೋಡಿದರೆ ಸಾಲದು. ನೆಕ್ ಬುಡ, ಪಿಕಪ್ ಅಂಚು, ವಾಲ್ಯೂಮ್, ಟೋನ್ ನಾಬ್‌ಗಳಿರುವ ಕ್ರೋಮ್ ಕಂಟ್ರೋಲ್ ಪ್ಲೇಟ್ ಸೇರುವ ಗೆರೆ, ಈ ಮೂರೂ ಕೂಡಬೇಕು. ಅಲ್ಲಿ ಒಂದು ಮಿಲಿಮೀಟರ್ ಸಂದು ಬಿಟ್ಟರೂ ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ.

ನಾಬ್ ವಿಷಯದಲ್ಲೂ ಹಾಗೆಯೇ. ಕೆಲವು ಬೇಸ್‌ಗಳಲ್ಲಿ ನಾಬ್ ಕೂರುವ ಪಾಟ್ ಕಡ್ಡಿ 6 ಮಿಲಿಮೀಟರ್, ಕೆಲವದ್ದು ಕಾಲು ಇಂಚು, ಅಂದರೆ 6.35. ಕೆಲವು ಸೀಳಿದ ಹಲ್ಲಿನ ಕಡ್ಡಿ, ಕೆಲವು ನುಣುಪು. ಒತ್ತಿ ಕೂರಿಸುವ ನಾಬ್ ನುಣುಪು ಕಡ್ಡಿಯ ಮೇಲೆ ಹಿಡಿತವಿಲ್ಲದೆ ಸುಮ್ನೆ ಸುತ್ತುತ್ತದೆ. ಅಂಥದ್ದಕ್ಕೆ ಪಕ್ಕದಲ್ಲಿ ಪುಟ್ಟ ಸ್ಕ್ರೂ ಇರುವ ನಾಬೇ ಬೇಕು.

ಕ್ರೋಮ್ ಕವರ್‌ಗಳ ಆಸೆಯೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಫೆಂಡರ್ 1960ರಲ್ಲಿ ಜಾಝ್ ಬೇಸ್ ತಂದಾಗ ಪಿಕಪ್ ಮೇಲೆ, ಬ್ರಿಡ್ಜ್ ಮೇಲೆ ಕವರ್ ಇರುತ್ತಿದ್ದವು. ಬ್ರಿಡ್ಜ್ ಕವರ್ ಕೆಳಗೆ ತಂತಿಯ ದನಿ ಮೊಟಕು ಮಾಡುವ ಮ್ಯೂಟ್‌ಗಳೂ ಇದ್ದವು. ಗೋಡೆಗೆ ನೇತುಹಾಕಿದರೆ ಕಣ್ಣಿಗೆ ಹಬ್ಬ. ಆದರೆ ನಾನು ಬ್ರಿಡ್ಜ್ ಬಳಿ ಕೈ ಊರಿ ನುಡಿಸುವವನು, ಆ ಕವರ್ ಸರಿಯಾಗಿ ಅಲ್ಲೇ ಅಡ್ಡ ಬರುತ್ತದೆ. ಮೇಲಾಗಿ ಹೊಸ ಬೇಸ್‌ನ ಮೈಗೆ ಡ್ರಿಲ್ ಹಾಕಬೇಕು. ಪಿಕ್‌ಗಾರ್ಡ್ ಇಷ್ಟವಾಗದಿದ್ದರೆ ಹಳೆಯದನ್ನು ವಾಪಸ್ ಹಾಕಬಹುದು, ತೂತು ಕೊರೆದ ಮೇಲೆ ಅದು ಶಾಶ್ವತ. ಫ್ರೆಟ್‌ಬೋರ್ಡ್ ಮೇಲೆ ಚೌಕ ಇನ್‌ಲೇ (ಮರದೊಳಗೆ ಕೂರಿಸಿದ ಗುರುತು) ಥರ ಅಂಟಿಸುವ ಸ್ಟಿಕರ್‌ಗಳೂ ಬೇಡ, ಹತ್ತಿರದಿಂದ ಅಗ್ಗವಾಗಿ ಕಾಣುತ್ತವೆ. ಹೆಡ್‌ಸ್ಟಾಕ್ ಮೇಲೆ ಬೇರೆ ಕಂಪನಿಯ ಹೆಸರು ಅಂಟಿಸುವುದಂತೂ ಬೇಡವೇ ಬೇಡ. ಮುಂದೆ ಯಾರಾದರೂ ಅದನ್ನು ನಂಬಿ ಮೋಸ ಹೋಗುತ್ತಾರೆ.

ಒಂದು ಸಣ್ಣ ಮಾತು. ಪಿಕ್‌ಗಾರ್ಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಿತ್ತ ಮೇಲೆ ಬೆರಳು ಸವರಿದಾಗ ಆಂಪ್‌ನಲ್ಲಿ ಚಟಪಟ ಸದ್ದು ಬರಬಹುದು. ಗಾಬರಿ ಬೇಡ, ಅದು ಸ್ಟ್ಯಾಟಿಕ್. ತುಸು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಡಿಮೆಯಾಗುತ್ತದೆ.

ಸದ್ಯಕ್ಕೆ ಮಿಂಟ್ ಅರ್ಧ ಹೆಜ್ಜೆ ಮುಂದಿದೆ. ತಿಳಿನೀಲಿಗೆ ಅದು ಜಗಳ ಆಡದೆ ಹೊಂದುತ್ತದೆ. ಆಮೆಚಿಪ್ಪು ಬೇಕಂತಲೇ ಜಗಳ ಆಡುತ್ತದೆ, ಕೆಲವೊಮ್ಮೆ ಅದೇ ಚೆಂದ. ಹೇಗೂ ಪಿಕ್‌ಗಾರ್ಡ್ ತೆಗೆಯಲು ತಂತಿ ಸಡಿಲಿಸಬೇಕು, ಹಾಗಾಗಿ ಮುಂದಿನ ಸಲ ತಂತಿ ಬದಲಿಸುವಾಗಲೇ ಎರಡೂ ಕೆಲಸ ಮುಗಿಸುತ್ತೇನೆ. ಬೇಸ್ ಜೊತೆಗೆ ಬಂದ ತಂತಿಗಳು ಇನ್ನೂ ಹೊಳಪಾಗಿಯೇ ನುಡಿಯುತ್ತಿವೆ, ಯೋಚಿಸಲು ಸಮಯ ಇದೆ. ಅಷ್ಟರೊಳಗೆ ತಿಳಿನೀಲಿ ಬೇಸ್‌ಗೆ ಆಮೆಚಿಪ್ಪು ಹಾಕಿ ನೋಡಿದವರು ಯಾರಾದರೂ ಇದ್ದರೆ ಫೋಟೋ ಹಾಕಿ, ಹಗಲು ಬೆಳಕಲ್ಲಿ ತೆಗೆದದ್ದು.